ಗುದ್ದಲಿಯ ಕಾವೂ ಗಾಲ್ಫಿನ ಶಾಫ್ಟೂ

ಭಾನುವಾರಗಳಂದು ನಾನು ಆಡುವ ಬೆಂಗಳೂರಿನ ಗಾಲ್ಫ್ ಕೋರ್ಸಿನ ಕೊನೆಯ ಒಂಬತ್ತು ಹೋಲುಗಳಲ್ಲಿ, ಅಂದರೆ ಬ್ಯಾಕ್ ನೈನ್‌ನಲ್ಲಿ, ಮೊದಲ ಹೊಡೆತ ಹೊಡೆಯುವ ಟೀಗೂ ಕುಳಿಯಿರುವ ನುಣುಪು ಹುಲ್ಲಿನ ಗ್ರೀನಿಗೂ ನಡುವೆ ಹೊಂಡವಿರುವ, ಮೂರು ಹೊಡೆತಗಳಲ್ಲಿ ಮುಗಿಸಬೇಕಾದ ಒಂದು ಪಾರ್ ಮೂರರ ಹೋಲ್ ಇದೆ. ನೀರನ್ನು ದಾಟಿಸಲು ಚೆಂಡು ಗಾಳಿಯಲ್ಲೇ 128 ಯಾರ್ಡ್ ಸಾಗಬೇಕು, ಗ್ರೀನಿನ ನಡುಭಾಗ ಮುಟ್ಟಲು 138 ಬೇಕು. ನನ್ನ ಏಳನೇ ಐರನ್ನಿಗೆ ಇದು ಹೇಳಿ ಮಾಡಿಸಿದಂಥ ದೂರವಾಗಿತ್ತು. (ತೆಳುವಾದ ಲೋಹದ ತಲೆಯ ಕ್ಲಬ್ಬುಗಳೇ ಐರನ್; ಅಂಕಿ ಚಿಕ್ಕದಾದಷ್ಟೂ ಮುಖದ ಓರೆ ಕಡಿಮೆ, ಚೆಂಡು ಹೋಗುವ ದೂರ ಹೆಚ್ಚು.) ಕಳೆದ ಎರಡು ವರ್ಷಗಳಿಂದ ಮಾತ್ರ ಅದೇ ಕ್ಲಬ್ಬಿನಿಂದ ಹೊಡೆದ ಚೆಂಡು ನಾಲ್ಕರಲ್ಲಿ ಮೂರು ಬಾರಿ ನೀರಿಗೆ ಬೀಳುತ್ತಿದೆ. ಚೀಲ ಹೊರುವ ಕ್ಯಾಡಿ ಈಗ ನನ್ನನ್ನು ಕೇಳುವುದನ್ನೇ ಬಿಟ್ಟು, "ಆರು ತಗೊಳ್ಳಿ ಸಾರ್" ಎಂದು ಆರನೆಯದನ್ನೇ ಚೀಲದಿಂದ ಎಳೆದು ಕೈಗೆ ಕೊಡುತ್ತಾನೆ. ಅದರಲ್ಲಿರುವ ಮರ್ಯಾದೆಯೂ ಮರುಕವೂ ನನಗೆ ತಿಳಿಯದ್ದೇನಲ್ಲ.

ಐವತ್ತಾರು ದಾಟಿದವನಿಗೆ ಹತ್ತು ಯಾರ್ಡ್ ಕಡಿಮೆಯಾಗುವುದು ಪ್ರಕೃತಿಸಹಜವೆಂದು ಒಪ್ಪಿಕೊಂಡು ಸುಮ್ಮನಿರಬಹುದಿತ್ತು. ಆದರೆ ನಮ್ಮ ಗುಂಪಿನ ಗೆಳೆಯರೊಬ್ಬರು ಕಳೆದ ವರ್ಷ ತಮ್ಮ ಐರನ್‌ಗಳಿಗೆಲ್ಲ ಹೊಸ ಗ್ರಾಫೈಟ್ ಶಾಫ್ಟ್, ಅಂದರೆ ಹೊಸ ಕೋಲು, ಹಾಕಿಸಿಕೊಂಡು, ಪ್ರತಿ ಹೋಲಿನಲ್ಲೂ ಅದರ ಮಹಿಮೆಯನ್ನು ಕೊಂಡಾಡಲು ಆರಂಭಿಸಿದರು. ಜೊತೆಗೆ ನನ್ನ ಎಡ ಮೊಣಕೈಯ ಹೊರಬದಿಯಲ್ಲಿ ಆಟ ಮುಗಿದ ಮರುದಿನ ಕಾಣಿಸಿಕೊಳ್ಳುವ ನೋವು, ಹಾಲಿನ ಪಾತ್ರೆ ಎತ್ತುವಾಗಲೂ ನೆನಪಾಗುವ ಮಟ್ಟಕ್ಕೆ ಬಂದಿತ್ತು. ಏಳು ಐರನ್‌ಗಳಿಗೆ ಶಾಫ್ಟು, ಗ್ರಿಪ್ಪು, ಕೂಲಿ ಎಲ್ಲ ಸೇರಿ 52,000 ರೂಪಾಯಿ ಎಂದು ಅಂಗಡಿಯವರು ಹೇಳಿದ್ದನ್ನು ಮನೆಯಲ್ಲಿ ತಿಳಿಸಿದಾಗ ನನ್ನ ಹೆಂಡತಿ, "ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ, ಅಲ್ಲವೇನ್ರೀ?" ಎಂದಷ್ಟೇ ಹೇಳಿ ಸೊಪ್ಪು ಸೋಸುವುದನ್ನು ಮುಂದುವರಿಸಿದಳು. ಡೊಂಕು ಅಂಗಳದಲ್ಲಿದೆಯೋ ಕುಣಿಯುವವನ ಕಾಲಿನಲ್ಲಿದೆಯೋ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕೆಂದು ನನಗೂ ಅನ್ನಿಸಿತು.

ಗಾಲ್ಫ್ ಆಡದವರಿಗಾಗಿ ಒಂದು ಮಾತು. ಕ್ಲಬ್ಬಿನಲ್ಲಿ ಇರುವುದು ಮೂರೇ ಭಾಗ: ಚೆಂಡಿಗೆ ತಾಗುವ ತಲೆ, ಕೈ ಹಿಡಿಯುವ ಗ್ರಿಪ್, ಇವೆರಡನ್ನೂ ಸೇರಿಸುವ ಉದ್ದನೆಯ ಟೊಳ್ಳು ಕೊಳವೆ. ಆ ಕೊಳವೆಯೇ ಶಾಫ್ಟ್. ಹಾಸನದ ಕಡೆಯ ನಮ್ಮೂರಿನಲ್ಲಿ ಗುದ್ದಲಿಗೂ ಕೊಡಲಿಗೂ ಹಾಕುವ ಹಿಡಿಯನ್ನು ಕಾವು ಎನ್ನುತ್ತಾರೆ, ಶಾಫ್ಟೆಂದರೆ ಅದೇ. ನನ್ನ ತಂದೆ ಹೊಸ ಕಾವು ಹಾಕಿಸುವುದಕ್ಕೆ ಮೊದಲು ಜಾಲಿಯ ತುಂಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅದರ ಎಳೆ ನೇರವಾಗಿದೆಯೇ ಎಂದು ನೋಡುತ್ತಿದ್ದರು. ಕಾವು ಹಾಕಿದ ಮೇಲೆ ನೆಲಕ್ಕೆ ಎರಡು ಏಟು ಹಾಕಿ ಅಂಗೈ ಜುಮ್ಮೆನ್ನುತ್ತದೆಯೇ ಎಂದು ಗಮನಿಸುತ್ತಿದ್ದರು. ಗುದ್ದಲಿ ಹಳೆಯದೇ ಆಗಿದ್ದರೂ ಕಾವು ಬದಲಾದರೆ ಆಳೊಬ್ಬ ಸಂಜೆಯವರೆಗೆ ಅಗೆಯಬಲ್ಲನೋ, ಮಧ್ಯಾಹ್ನಕ್ಕೇ ಸುಸ್ತಾಗುವನೋ ಎಂಬುದು ಬದಲಾಗುತ್ತದೆ ಎನ್ನುವುದು ಅವರಿಗೆ ಅನುಭವದಿಂದ ಗೊತ್ತಿತ್ತು. ಈ ಮಾತು ನನಗೆ ನೆನಪಾದದ್ದು ತಡವಾಗಿ, ಮೂರು ವಾರ ಬೇರೆ ಬೇರೆ ಅಂಕಿಗಳ ಹಿಂದೆ ಅಲೆದಾಡಿದ ನಂತರ.

ಶಾಫ್ಟಿನ ಕುರಿತ ಜಗಳ ಇಂದು ನಿನ್ನೆಯದಲ್ಲ. 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದ ಕಾಲಕ್ಕೆ ಶಾಫ್ಟೆಂದರೆ ಮರದ್ದೇ. ಬಳುಕಿದರೂ ಸುಲಭವಾಗಿ ಮುರಿಯದ ಹಿಕರಿ ಮರಕ್ಕೆ ಆಗ ಎಲ್ಲಿಲ್ಲದ ಬೆಲೆ. ಉಕ್ಕಿನ ಶಾಫ್ಟಿಗೆ ಅಮೆರಿಕದ ಗಾಲ್ಫ್ ಸಂಸ್ಥೆ 1924ರಲ್ಲಿ ಒಪ್ಪಿಗೆ ಕೊಟ್ಟರೂ ಆಟದ ನಿಯಮ ರೂಪಿಸುವ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸಿನ ಹಿರಿಯರು 1929ರ ತನಕ ಮನಸ್ಸು ಮಾಡಲಿಲ್ಲ. ಅಮೆರಿಕದ ಆಟಗಾರ ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ನಾಲ್ಕು ಮುಖ್ಯ ಪಂದ್ಯಾವಳಿಗಳನ್ನು ಗೆದ್ದದ್ದು ಹಿಕರಿ ಶಾಫ್ಟಿನ ಕ್ಲಬ್ಬುಗಳಿಂದಲೇ. ಮರುವರ್ಷವೇ ಬಿಲ್ಲಿ ಬರ್ಕ್ ಉಕ್ಕಿನ ಶಾಫ್ಟ್ ಹಿಡಿದು ಅಮೆರಿಕದ ಓಪನ್ ಗೆದ್ದರು, ಅಲ್ಲಿಗೆ ಮರದ ಕಾಲ ಮುಗಿಯಿತು. 1969ರಲ್ಲಿ ಫ್ರಾಂಕ್ ಥಾಮಸ್ ಎಂಬ ಎಂಜಿನಿಯರ್ ಇಂಗಾಲದ ನಾರಿನಿಂದ ಗ್ರಾಫೈಟ್ ಶಾಫ್ಟ್ ರೂಪಿಸಿದರು. ಇಂದು ಅತಿ ದೂರ ಹೊಡೆಯಲು ಬಳಸುವ ಡ್ರೈವರ್‌ಗಳಲ್ಲಿ ಬಹುಮಟ್ಟಿಗೆ ಅದೇ. ಐರನ್‌ಗಳಲ್ಲಿ ಮಾತ್ರ ಉಕ್ಕು ಇನ್ನೂ ತನ್ನ ಜಾಗ ಬಿಟ್ಟುಕೊಟ್ಟಿಲ್ಲ.

ನನ್ನ ಐರನ್‌ಗಳ ಕಥೆ ಬೇರೆ. ಹನ್ನೆರಡು ವರ್ಷಗಳ ಹಿಂದೆ, ಅಮೆರಿಕದಿಂದ ಮರಳಿ ಬಂದ ಸಹೋದ್ಯೋಗಿಯೊಬ್ಬರು ಆಟ ನಿಲ್ಲಿಸುವಾಗ ನಾನು ಅವನ್ನು ಅಗ್ಗಕ್ಕೆ ಕೊಂಡೆ. ಅವರು ನನಗಿಂತ ಅರ್ಧ ಅಡಿ ಎತ್ತರ, ಕಾಲೇಜಿನಲ್ಲಿ ಕ್ರಿಕೆಟ್ ಆಡಿದವರು. ಶಾಫ್ಟುಗಳ ಮೇಲೆ ಸ್ಟಿಫ್, ಅಂದರೆ ಬಿಗಿ, ಎಂಬುದರ ಗುರುತಾಗಿ ಎಸ್ ಅಕ್ಷರವಿತ್ತು, ತೂಕ ಸುಮಾರು 125 ಗ್ರಾಂ. ಅಂದರೆ ಹನ್ನೆರಡು ವರ್ಷ ನಾನು ಇನ್ನೊಬ್ಬರ ಅಳತೆಯ ಚಪ್ಪಲಿ ಹಾಕಿಕೊಂಡು ನಡೆದಿದ್ದೇನೆ. ಕಾಲು ಗಟ್ಟಿಯಾಗಿದ್ದಷ್ಟು ದಿನ ಅದು ಕಚ್ಚುತ್ತಿದೆಯೆಂದು ತಿಳಿಯಲಿಲ್ಲ.

ಬಿಗಿಗೆ ಎಸ್, ಸಾಧಾರಣಕ್ಕೆ ಆರ್, ಅತಿ ಬಿಗಿಗೆ ಎಕ್ಸ್ ಮುಂತಾದ ಈ ಅಕ್ಷರಗಳೇ ಮೊದಲ ಮೋಸ. ಶಾಫ್ಟ್ ಎಷ್ಟು ಬಳುಕುತ್ತದೆ ಎಂಬುದನ್ನು ಅವು ಸೂಚಿಸುತ್ತವೆಯೆಂದು ನಾವೆಲ್ಲ ನಂಬಿದ್ದೇವೆ, ಆದರೆ ಎಲ್ಲ ತಯಾರಕರೂ ಒಪ್ಪಿಕೊಂಡ ಒಂದೇ ಅಳತೆಗೋಲು ಅವಕ್ಕಿಲ್ಲ. ಒಂದು ಕಂಪನಿಯ ಆರ್ ಇನ್ನೊಂದರ ಎಸ್‌ನಷ್ಟೇ ಬಿಗಿಯಾಗಿರಬಹುದು. ಸಿದ್ಧ ಉಡುಪಿನ ಅಂಗಡಿಗಳಲ್ಲಿ ಒಂದು ಕಡೆ ನಲವತ್ತರ ಅಂಗಿ ಸಡಿಲವಾಗಿ, ಇನ್ನೊಂದು ಕಡೆ ಅದೇ ನಲವತ್ತು ಬಿಗಿಯಾಗುವಂತೆ ಇದೂ. ಎರಡನೆಯ ಭ್ರಮೆ, ಶಾಫ್ಟು ಚಾಟಿಯಂತೆ ಬೀಸಿ ಚೆಂಡನ್ನು ದೂರ ಎಸೆಯುತ್ತದೆ ಎಂಬುದು. ನಾವು ಕ್ಲಬ್ಬನ್ನು ಕೆಳಗಿಳಿಸಲು ಆರಂಭಿಸಿದಾಗ ತಲೆ ಹಿಂದುಳಿದು ಶಾಫ್ಟು ಹಿಂದಕ್ಕೆ ಬಾಗುತ್ತದೆ; ಚೆಂಡಿನ ಬಳಿ ಬರುವ ವೇಳೆಗೆ ತಲೆಯ ಭಾರದಿಂದ ಮುಂದಕ್ಕೆ ಬಾಗಿರುತ್ತದೆ, ಸ್ವಲ್ಪ ಕೆಳಕ್ಕೂ ಜೋತಿರುತ್ತದೆ. ಹೀಗೆ ಮುಂದಕ್ಕೆ ಬಾಗುವುದರಿಂದ ಕ್ಲಬ್ಬಿನ ಮುಖ ಇನ್ನಷ್ಟು ಮೇಲಕ್ಕೆ ತೆರೆದುಕೊಂಡು ಚೆಂಡು ಎತ್ತರಕ್ಕೆ ಹೊರಡುತ್ತದೆ. ಚೆಂಡಿಗೂ ಮುಖಕ್ಕೂ ಇರುವ ಸಂಪರ್ಕ ಸುಮಾರು ಅರ್ಧ ಮಿಲಿಸೆಕೆಂಡಿನದು. ಅಷ್ಟರಲ್ಲಿ ಶಾಫ್ಟು ಹೊಸದಾಗಿ ಏನನ್ನೂ ದಯಪಾಲಿಸಲಾರದು. ತಲೆಯನ್ನು ಚೆಂಡಿನ ಬಳಿಗೆ ಯಾವ ಕೋನದಲ್ಲಿ, ಎಷ್ಟು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತದೆ ಎಂಬುದೇ ಅದರ ಕೆಲಸ.

ಇಷ್ಟು ಓದಿಕೊಂಡು, ಚೆಂಡಿನ ವೇಗ ಮತ್ತು ದಿಕ್ಕನ್ನು ಅಳೆಯುವ ಲಾಂಚ್ ಮಾನಿಟರ್ ಇರುವ ಒಂದು ಒಳಾಂಗಣಕ್ಕೆ ಶನಿವಾರ ಬೆಳಿಗ್ಗೆ ಹೋದೆ. ನನ್ನ ಏಳನೇ ಐರನ್ನಿನಿಂದ ಹತ್ತು ಚೆಂಡು ಹೊಡೆದಾಗ ಪರದೆಯ ಮೇಲೆ ಕಂಡ ಸರಾಸರಿ 130 ಯಾರ್ಡ್. ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಯಂತ್ರವನ್ನು ಸಮುದ್ರಮಟ್ಟದ ಲೆಕ್ಕಕ್ಕೆ ಇಟ್ಟಿದ್ದರು. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ತೆಳುವಾದ ಗಾಳಿಯಲ್ಲಿ ಚೆಂಡು ಮಂಗಳೂರಿನಲ್ಲಿ ಹೋಗುವುದಕ್ಕಿಂತ ನೂರಕ್ಕೆ ಮೂರರಷ್ಟು ಹೆಚ್ಚೇ ಹೋಗುತ್ತದೆ. ಲೆಕ್ಕ ಸರಿಪಡಿಸಿದ ಮೇಲೆ 134 ಬಂತು. ತಲೆಯ ವೇಗ ಗಂಟೆಗೆ 74 ಮೈಲಿ.

ಅಲ್ಲಿದ್ದ ತರುಣ ಬಹಳ ಉತ್ಸಾಹದಿಂದ ಒಂದು ಹೊಸ ಕ್ಲಬ್ ತಂದುಕೊಟ್ಟ. ಮೊದಲ ಚೆಂಡೇ 148. ನಾನು ಹಿಗ್ಗಿಹೋದೆ, ಆದರೆ ಹಣ ಕೊಡುವ ಮೊದಲು ಕ್ಲಬ್ಬನ್ನು ತಿರುಗಿಸಿ ನೋಡುವ ಬುದ್ಧಿ ಹೇಗೋ ಉಳಿದಿತ್ತು. ನನ್ನ ಹಳೆಯ ಏಳನೆಯದರ ಮುಖದ ಓರೆ 34 ಡಿಗ್ರಿ. ಅವನು ಕೊಟ್ಟ ಹೊಸದರ ಓರೆ 29. ಮೇಲೆ ಏಳು ಎಂದು ಬರೆದಿದ್ದರೂ ಅದು ನನ್ನ ಕಾಲದ ಆರಕ್ಕಿಂತಲೂ ನೆಟ್ಟಗಿದ್ದ ಕ್ಲಬ್. ದೂರ ಹೆಚ್ಚಿದ್ದು ತಲೆಯಿಂದ, ಶಾಫ್ಟಿನಿಂದಲ್ಲ. ಶಾಫ್ಟನ್ನು ಪರೀಕ್ಷಿಸುವುದಾದರೆ ತಲೆ ಅದೇ ಇರಬೇಕು, ಕನಿಷ್ಠ ಓರೆಯಾದರೂ ಒಂದೇ ಆಗಿರಬೇಕು ಎಂದು ನಾನು ಪಟ್ಟು ಹಿಡಿದ ಮೇಲೆ, 34 ಡಿಗ್ರಿಯ ಒಂದು ತಲೆಗೆ ಎರಡು ಶಾಫ್ಟುಗಳನ್ನು ಒಂದರ ನಂತರ ಒಂದು ಜೋಡಿಸಿಕೊಟ್ಟ: 95 ಗ್ರಾಮಿನ ಉಕ್ಕಿನದು ಮತ್ತು 80 ಗ್ರಾಮಿನ ಗ್ರಾಫೈಟ್. ಉಕ್ಕಿನದಕ್ಕೆ 137, ಗ್ರಾಫೈಟಿಗೆ 139. ಕೊನೆಗೆ ಅನುಮಾನ ಬಂದು ನನ್ನ ಹಳೆಯದನ್ನೇ ಮತ್ತೆ ಕೈಗೆತ್ತಿಕೊಂಡು ಹೊಡೆದರೆ ಅದೂ 136 ಕೊಟ್ಟಿತು! ಅರ್ಧ ಗಂಟೆಯಲ್ಲಿ ಮೈ ಕಾದಿತ್ತು, ಅಷ್ಟೇ. ಮೊದಲು ಹಳೆಯದು, ಆಮೇಲೆ ಹೊಸದು ಎಂಬ ಕ್ರಮದಲ್ಲಿ ಹೊಡೆಸಿದರೆ ಹೊಸದು ಗೆಲ್ಲದೆ ಇನ್ನೇನಾದೀತು?

ಆ ತರುಣ ಇನ್ನೊಂದು ಕೆಲಸ ಮಾಡುತ್ತಿದ್ದ: ನಾನು ಕೆಡಿಸಿದ ಹೊಡೆತಗಳನ್ನು "ಇದು ಬೇಡ ಸಾರ್" ಎಂದು ಪರದೆಯಿಂದ ಅಳಿಸುತ್ತಿದ್ದ. ಅಳಿಸಿದ ಹೊಡೆತಗಳೇ ನನ್ನ ನಿಜವಾದ ಆಟ. ನೀರಿಗೆ ಬೀಳುವುದು ಅವೇ ತಾನೆ?

ಮೂರು ಯಾರ್ಡಿಗಾಗಿ ಅರ್ಧ ಲಕ್ಷ ಖರ್ಚು ಮಾಡುವುದು ಹುಚ್ಚುತನವೆಂದು ತೀರ್ಮಾನಿಸಿ ಅಂದು ಮನೆಗೆ ಬಂದೆ. ಆ ಹಣಕ್ಕೆ ಕೋಚ್ ಬಳಿ ಎಷ್ಟೋ ಪಾಠಗಳಾಗುತ್ತವೆ ಎಂಬ ವಾದವೂ ಇತ್ತು, ಮತ್ತು ಅದು ಸುಳ್ಳಲ್ಲ. ನನ್ನ ಹೊಡೆತವನ್ನು ಬಲ್ಲ ಕೋಚ್, ಕ್ಲಬ್ಬು ಹೊರಗಿನಿಂದ ಒಳಕ್ಕೆ ಬರುವ ನನ್ನ ಹಳೆಯ ಚಾಳಿಯನ್ನು ಯಾವ ಶಾಫ್ಟೂ ಬಿಡಿಸಲಾರದೆಂದು ಮುಖಕ್ಕೇ ಹೇಳಿದರು. ಆದರೂ ಅವರೇ ಒಂದು ಉಪಾಯ ತಿಳಿಸಿಕೊಟ್ಟರು. ಬಿಳಿ ಬೋರ್ಡಿನ ಮೇಲೆ ಬರೆಯುವ ಮಾರ್ಕರ್‌ನಿಂದ ಚೆಂಡಿನ ಹಿಂಬದಿಗೆ ಒಂದು ಕಪ್ಪು ಚುಕ್ಕೆ ಇಟ್ಟು ಹೊಡೆದರೆ ಆ ಚುಕ್ಕೆ ಕ್ಲಬ್ಬಿನ ಮುಖದ ಮೇಲೆ ಅಚ್ಚಾಗುತ್ತದೆ, ಚೆಂಡು ಎಲ್ಲಿ ತಾಗಿತೆಂದು ಕಣ್ಣಾರೆ ಕಾಣಬಹುದು. ಖರ್ಚು ಮೂವತ್ತು ರೂಪಾಯಿ.

ಮುಂದಿನ ಬುಧವಾರ ಸಂಜೆ ಅಭ್ಯಾಸದ ರೇಂಜಿನಲ್ಲಿ ಎರಡು ಬುಟ್ಟಿ ಚೆಂಡು ತೆಗೆದುಕೊಂಡು, ಹತ್ತು ಹೊಡೆತಕ್ಕೊಮ್ಮೆ ಮುಖದ ಫೋಟೋ ತೆಗೆದು ಒದ್ದೆ ಬಟ್ಟೆಯಿಂದ ಒರೆಸುತ್ತ ಹೋದೆ. ಮೊದಲ ಹತ್ತರ ಚುಕ್ಕೆಗಳು ಮುಖದ ನಡುವೆ, ಒಂದು ರೂಪಾಯಿಯ ಎರಡು ನಾಣ್ಯ ಮುಚ್ಚುವಷ್ಟು ಜಾಗದಲ್ಲಿದ್ದವು. ಎರಡನೆಯ ಹತ್ತೂ ಹಾಗೆಯೇ. ನಲವತ್ತು ದಾಟಿದ ಮೇಲೆ ಚುಕ್ಕೆಗಳು ಕೆಳಗಿಳಿಯತೊಡಗಿದವು. ಐವತ್ತರ ಹೊತ್ತಿಗೆ ಅವು ಮುಖದ ಕೆಳಗಿನ ಎರಡು ಗೆರೆಗಳ ಮೇಲೆ ಇರುವೆ ಸಾಲಿನಂತೆ ಕುಳಿತಿದ್ದವು. ಪ್ರತಿ ಹೊಡೆತಕ್ಕೂ ಮೊಣಕೈಗೆ ಸಣ್ಣ ಕರೆಂಟ್ ಹೊಡೆದಂತಾಗುತ್ತಿತ್ತು. ಚೆಂಡು ಮುಖದ ನಡುವೆ ತಾಗದೆ ಕೆಳಗಿನ ಅಂಚಿಗೆ ತಾಗಿದರೆ ದೂರವೂ ಹೋಗದು, ಏಳಬೇಕಾದಷ್ಟು ಎತ್ತರಕ್ಕೆ ಏಳದು. ಕೈಗೆ ಕಂಪನ ಮಾತ್ರ ತಪ್ಪದೆ ಬರುತ್ತದೆ.

ತಂದೆಯವರ ಕಾವಿನ ಮಾತು ನೆನಪಾದದ್ದು ಆ ಫೋಟೋಗಳನ್ನು ನೋಡುತ್ತಿದ್ದಾಗ. ಬೆಳಿಗ್ಗೆ ಎಂಟು ಗಂಟೆಗೆ ಯಾವ ಗುದ್ದಲಿಯೂ ಚೆನ್ನಾಗಿಯೇ ಅಗೆಯುತ್ತದೆ. ನಾನು ಶಾಫ್ಟುಗಳನ್ನು ಪರೀಕ್ಷಿಸಿದ್ದು ಮೈ ತಾಜಾ ಇದ್ದಾಗ. ಚೆಂಡು ನೀರಿಗೆ ಬೀಳುತ್ತಿದ್ದದ್ದು ಮೂರು ಗಂಟೆ ನಡೆದು, ಬಿಸಿಲು ಏರಿ, ತೋಳು ಸೋತ ಬ್ಯಾಕ್ ನೈನ್‌ನಲ್ಲಿ. ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವ ಶಾಫ್ಟು ಹೆಚ್ಚು ದೂರ ಹೊಡೆಯುತ್ತದೆ ಎಂಬುದಾಗಿರಲೇ ಇಲ್ಲ. ಸುಸ್ತಾದ ನನ್ನ ಕೈಯಲ್ಲಿ ಯಾವುದು ಕಡಿಮೆ ಕೆಡುತ್ತದೆ ಎಂಬುದೇ ಪ್ರಶ್ನೆ, ಮತ್ತು ಅದಕ್ಕೆ ಅಕ್ಷರಕ್ಕಿಂತ ತೂಕವೇ ಮುಖ್ಯವಿರಬೇಕು.

ಆದ್ದರಿಂದ ಎರಡನೆಯ ಬಾರಿ ಆ ಒಳಾಂಗಣಕ್ಕೆ ಹೋದದ್ದು ಭಾನುವಾರ ಹದಿನೆಂಟು ಹೋಲ್ ಮುಗಿಸಿ, ಒಂದು ಮಸಾಲೆ ದೋಸೆ ತಿಂದು, ನೇರವಾಗಿ. ಈ ಸಲ ಯಾವ ಹೊಡೆತವನ್ನೂ ಅಳಿಸಕೂಡದೆಂದು ಮೊದಲೇ ಹೇಳಿದ್ದೆ. ಮೂರೂ ಶಾಫ್ಟುಗಳನ್ನು ಐದೈದು ಚೆಂಡಿನಂತೆ ಅದಲುಬದಲು ಮಾಡಿ ಹೊಡೆದೆ. ಹಳೆಯ 125 ಗ್ರಾಮಿನದು 126 ಯಾರ್ಡಿಗೆ ಕುಸಿದಿತ್ತು. ಹೊಂಡ ದಾಟಲು 128 ಬೇಕೆಂಬುದನ್ನು ನೆನೆದು ನನಗೆ ನಗು ಬಂತು. ಎರಡು ವರ್ಷದ ಒಗಟು ಎರಡು ಯಾರ್ಡಿನಲ್ಲಿತ್ತು. 95 ಗ್ರಾಮಿನ ಉಕ್ಕು 133 ಕೊಟ್ಟಿತು. ಗ್ರಾಫೈಟು 134 ಕೊಟ್ಟಿತಾದರೂ ಹತ್ತರಲ್ಲಿ ನಾಲ್ಕು ಚೆಂಡುಗಳು ಎಡಕ್ಕೆ ತಿರುಗಿ ಪರದೆಯಿಂದಲೇ ಹೊರಗೆ ಹೋದವು. ಕೈಗೆ ಅದು ಹಿತವಾಗಿತ್ತು, ಕಂಪನ ತೀರ ಕಡಿಮೆ. ಆದರೆ ಕ್ಲಬ್ಬನ್ನು ಮೇಲಕ್ಕೆತ್ತಿದಾಗ ತಲೆ ಎಲ್ಲಿದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ಹನ್ನೆರಡು ವರ್ಷ ಭಾರ ಹೊತ್ತ ತೋಳು, ಭಾರ ಇಳಿಸಿದ ಕೂಡಲೇ ಆತುರ ಪಡುತ್ತದೆ. ಗೆಳೆಯರಿಗೆ ಗ್ರಾಫೈಟು ಒಗ್ಗಿದೆ, ಅದು ಅವರ ಕೈ. ನೋವು ಇನ್ನೂ ಹೆಚ್ಚಿದರೆ ನಾನೂ ಅತ್ತ ಹೋಗಬೇಕಾದೀತು.

ತೂಕ ಇಳಿಸುವುದರಲ್ಲಿ ಒಂದು ತೊಡಕಿದೆ. ಶಾಫ್ಟು ಹಗುರವಾದಷ್ಟೂ ಬೀಸುವಾಗ ತಲೆಯ ಭಾರ ಕೈಗೆ ಕಡಿಮೆ ತಿಳಿಯುತ್ತದೆ. ಇದನ್ನು ಅಳೆಯಲು ಸ್ವಿಂಗ್ ವೇಟ್ ಎಂಬ ತಕ್ಕಡಿ ಲೆಕ್ಕವಿದೆ; ಶಾಫ್ಟಿನಲ್ಲಿ ಸುಮಾರು ಒಂಬತ್ತು ಗ್ರಾಂ ಕಡಿಮೆಯಾದರೆ ಒಂದು ಅಂಕ ಇಳಿಯುತ್ತದೆ. ನನ್ನ ಕ್ಲಬ್ಬು ಡಿ2 ಇತ್ತು, ಮೂವತ್ತು ಗ್ರಾಂ ಇಳಿಸಿದರೆ ಡಿ1, ಡಿ0 ದಾಟಿ ಮೂರು ಅಂಕ ಕೆಳಗೆ ಸಿ9ಕ್ಕೆ ಬರುತ್ತದೆ. ಅರ್ಧ ಇಂಚು ಉದ್ದ ಹೆಚ್ಚಿಸಿದರೆ ಮೂರು ಅಂಕ ಮರಳಿ ಬರುತ್ತವೆ, ಆದರೆ ಉದ್ದ ಹೆಚ್ಚಿದಷ್ಟೂ ಚೆಂಡನ್ನು ಮುಖದ ನಡುವೆ ತಾಗಿಸುವುದು ಕಷ್ಟ. ಅದರ ಬದಲು ಶಾಫ್ಟಿನ ತುದಿಯೊಳಗೆ ಆರು ಗ್ರಾಮಿನ ಸಣ್ಣ ತೂಕದ ಕಡ್ಡಿ ಸೇರಿಸಬಹುದು. ನಾನು ಎರಡನೆಯದನ್ನೇ ಆರಿಸಿಕೊಂಡೆ.

ಯಾರಿಂದ ಮಾಡಿಸುವುದು ಎಂಬ ವಿಷಯದಲ್ಲಿ ನನಗೆ ಹಳೆಯ ಕಹಿಯಿದೆ. ಕೆಲವು ವರ್ಷಗಳ ಹಿಂದೆ ಐದನೇ ಐರನ್ನಿನ ತಲೆ ಸಡಿಲವಾಯಿತೆಂದು ಒಂದು ಅಂಗಡಿಗೆ ಕೊಟ್ಟು, ಅಂದೇ ಸಂಜೆ ವಾಪಸು ಪಡೆದಿದ್ದೆ. ಮರುದಿನ ಮೂರನೇ ಹೋಲಿನಲ್ಲಿ ಬೀಸಿದಾಗ ಚೆಂಡು ಇದ್ದಲ್ಲೇ ಇತ್ತು, ಕ್ಲಬ್ಬಿನ ತಲೆ ಮಾತ್ರ ಗಿರಗಿರನೆ ತಿರುಗುತ್ತ ಐವತ್ತು ಯಾರ್ಡ್ ಮುಂದೆ ಫೇರ್‌ವೇಯಲ್ಲಿ ಹೋಗಿ ಕುಳಿತಿತು. ಯಾರಿಗೂ ತಾಗಲಿಲ್ಲ ಎಂಬುದು ನಮ್ಮ ಪುಣ್ಯ. ಶಾಫ್ಟಿನ ತುದಿಯ ಹೊಳಪನ್ನು ಅರದಿಂದ ಉಜ್ಜಿ ತೆಗೆಯದೆ, ನುಣುಪಾದ ಲೇಪನದ ಮೇಲೆಯೇ ಎಪಾಕ್ಸಿ ಅಂಟು ಹಚ್ಚಿದ್ದರು. ಒಣಗಲು ರಾತ್ರಿಯಿಡೀ ಬಿಟ್ಟಿರಲೂ ಇಲ್ಲ. ಅಂದಿನಿಂದ, ತುದಿ ಉಜ್ಜುವುದನ್ನು ಕಣ್ಣೆದುರು ನೋಡದೆ ನಾನು ಕ್ಲಬ್ಬನ್ನು ಯಾರ ಕೈಗೂ ಒಪ್ಪಿಸುವುದಿಲ್ಲ. ತುದಿಯ ಅಳತೆಯನ್ನೂ ಕೇಳುತ್ತೇನೆ: ಐರನ್‌ಗಳ ತುದಿ ಸಾಮಾನ್ಯವಾಗಿ 0.355 ಇಂಚಿನ ಮೊನಚಿನದು ಅಥವಾ 0.370 ಇಂಚಿನ ಸಮದ್ದು. ನನ್ನವು ಮೊದಲನೆಯ ಬಗೆಯವು. ತಪ್ಪು ಶಾಫ್ಟ್ ತರಿಸಿಕೊಂಡರೆ ವಾಪಸು ಕಳಿಸುವ ರಗಳೆ ಬೇರೆ.

ಕೊನೆಗೆ ನಾನು ಮಾಡಿದ್ದು ಇಷ್ಟು. ಏಳನ್ನೂ ಬದಲಿಸದೆ, ಏಳನೇ ಐರನ್ನೊಂದಕ್ಕೆ ಮಾತ್ರ 95 ಗ್ರಾಮಿನ ಉಕ್ಕಿನ ಶಾಫ್ಟು ಹಾಕಿಸಿದೆ. ಹಂಗಾಮಿನ ನಡುವೆ ನಮ್ಮ ತಂದೆ ಎಲ್ಲ ಗುದ್ದಲಿಗಳ ಕಾವನ್ನೂ ಒಮ್ಮೆಲೇ ಬದಲಿಸಿದ್ದನ್ನು ನಾನು ನೋಡಿಲ್ಲ. ಒಂದಕ್ಕೆ ಹಾಕಿಸಿ, ಅದರಲ್ಲಿ ಒಂದು ಪಾತಿ ಮುಗಿಸಿ, ಆಮೇಲೆ ಉಳಿದವಕ್ಕೆ. ಚೀಲದಲ್ಲಿ ಒಂದು ಕ್ಲಬ್ಬು ಮಾತ್ರ ಬೇರೆ ತೂಕದ್ದಾದರೆ ಲಯ ತಪ್ಪುತ್ತದೆ ಎಂದು ಕೋಚ್ ಎಚ್ಚರಿಸಿದರು. ಅದು ನಿಜವೂ ಹೌದು, ಆರನೆಯದರಿಂದ ಏಳನೆಯದಕ್ಕೆ ಬಂದಾಗ ಮೊದಲ ಎರಡು ವಾರ ಕೈ ತಬ್ಬಿಬ್ಬಾಯಿತು. ಆದರೂ ತಪ್ಪಾದರೆ ಕಳೆದುಕೊಳ್ಳುವುದು 5,500 ರೂಪಾಯಿ, 52,000 ಅಲ್ಲ.

ಮಳೆಗಾಲದ ಏಳು ಭಾನುವಾರಗಳಲ್ಲಿ ಆ ಹೊಂಡದ ಹೋಲನ್ನು ಏಳನೆಯದರಿಂದಲೇ ಆಡಿದ್ದೇನೆ, ಕ್ಯಾಡಿಯ ಒಪ್ಪಿಗೆ ಇಲ್ಲದೆ. ಎರಡು ಚೆಂಡುಗಳು ನೀರಿಗೆ ಹೋದವು. ಅದರಲ್ಲಿ ಒಂದಕ್ಕೆ ಎದುರು ಗಾಳಿ ಕಾರಣ, ಇನ್ನೊಂದಕ್ಕೆ ನಾನೇ. ಉಳಿದ ಐದು ಗ್ರೀನಿನ ಮುಂಭಾಗದಲ್ಲಿ ಬಿದ್ದವು. ಗ್ರೀನಿನ ನಡುಭಾಗವನ್ನು ಒಂದೂ ಮುಟ್ಟಿಲ್ಲ. ಸೋಮವಾರದ ನೋವು ಸ್ವಲ್ಪ ತಗ್ಗಿದೆ. ಆದರೆ ಉಳಿದ ಆರು ಐರನ್‌ಗಳು ಹಳೆಯ ಭಾರದವೇ ಆಗಿರುವುದರಿಂದ ಅದರ ಶ್ರೇಯವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮಕ್ಕೆ ಕೊಡಬೇಕೋ ಶಾಫ್ಟಿಗೋ ಹೇಳಲಾರೆ. ದಸರಾ ಕಳೆದ ಮೇಲೆ ಐದು, ಆರು, ಎಂಟು, ಒಂಬತ್ತು ಮತ್ತು ಪಿಚಿಂಗ್ ವೆಜ್‌ಗೂ ಇದೇ ಶಾಫ್ಟು ಹಾಕಿಸುವುದೆಂದು ನಿಶ್ಚಯಿಸಿ ಅಂಗಡಿಯವರಿಗೆ ಮುಂಗಡ ಕೊಟ್ಟಿದ್ದೇನೆ. ನಾಲ್ಕನೇ ಐರನ್ನಿಗೆ ಯಾವ ಶಾಫ್ಟೂ ಬೇಡ. ಅದನ್ನು ಹಳೆಯ ಹಾಸಿಗೆಯ ಪಕ್ಕ ಅಟ್ಟದ ಮೇಲೆ ಮಲಗಿಸಿದ್ದೇನೆ.